ಆಮೆ ಮಲಗಿದೆ ಅಂದ್ಕೊಂಡಿದ್ದೆ, ಅದಕ್ಕೆ ನ್ಯುಮೋನಿಯಾ ಆಗಿತ್ತು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಇವತ್ತು ಮೊದಲು ಒಂದು ತಪ್ಪು ಒಪ್ಕೋಬೇಕು. ಹೋದ ಡಿಸೆಂಬರ್‌ನಲ್ಲಿ ಇದೇ ಮೈಕ್ ಮುಂದೆ ಕೂತ್ಕೊಂಡು, "ನಮ್ಮನೆ ಆಮೆಗಳು ಚಳಿಗಾಲದ ನಿದ್ದೆಗೆ ಹೋಗಿವೆ, ಶಿವರಾತ್ರಿ ಹೊತ್ತಿಗೆ ಏಳ್ತವೆ" ಅಂತ ನಗ್ತಾ ಹೇಳಿದ್ದೆ. ಕೇಳಿದವರಲ್ಲಿ ಕೆಲವರು "ನಮ್ಮದೂ ಮಲಗಿದೆ, ಈಗ ಸಮಾಧಾನ ಆಯ್ತು" ಅಂತ ವಾಯ್ಸ್ ನೋಟ್ ಕಳಿಸಿದ್ರು. ಅವರಿಗೆಲ್ಲ ಮೊದಲು ಹೇಳ್ತೀನಿ: ದಯವಿಟ್ಟು ಆ ಮಾತು ಮರೆತುಬಿಡಿ. ನಮ್ಮ ಆಮೆಗಳು ಮಲಗಿರಲಿಲ್ಲ. ಎರಡಕ್ಕೂ ಕಾಯಿಲೆ ಆಗಿತ್ತು. ಒಂದು ಸತ್ತೋಯ್ತು, ಇನ್ನೊಂದು ಉಳೀತು.

ಉಳಿದಿದ್ದು ಹೇಗೆ, ಸತ್ತಿದ್ದು ಯಾಕೆ ಅನ್ನೋದೇ ಇವತ್ತಿನ ವಿಷಯ. ನಾನು ಓದಿದ್ದು ಬಿ.ಕಾಂ., ಡಾಕ್ಟರ್ ಅಲ್ಲ. ಡಾಕ್ಟರ್ ನನಗೆ ಹೇಳಿದ್ದು, ಆಮೇಲೆ ನಾನು ಓದಿ ತಿಳ್ಕೊಂಡಿದ್ದು, ಎರಡನ್ನೂ ಸೇರಿಸಿ ಹೇಳ್ತಿದೀನಿ.

ಅವರೆ ಮತ್ತು ತೊಗರಿ

ನಮ್ಮೂರು ಅರಿಶಿನಕುಂಟೆ, ನೆಲಮಂಗಲದ ಪಕ್ಕ. ಎರಡು ವರ್ಷದ ಹಿಂದೆ ಅವರೆಕಾಯಿ ಸೀಸನ್‌ನಲ್ಲಿ ನನ್ನ ತಮ್ಮ ಬೆಂಗಳೂರಿನ ಒಂದು ಅಂಗಡಿಯಿಂದ ಎರಡು ಪುಟ್ಟ ಆಮೆ ತಂದ. ಎರಡಕ್ಕೂ ಸೇರಿ 700 ರೂಪಾಯಿ. ಬಿಸ್ಕತ್ತಿನಷ್ಟು ಅಗಲ, ಹಸಿರು ಚಿಪ್ಪು, ಕಣ್ಣಿನ ಹಿಂದೆ ಕೆಂಪು ಪಟ್ಟಿ. ಒಂದಕ್ಕೆ ಅವರೆ, ಇನ್ನೊಂದಕ್ಕೆ ತೊಗರಿ ಅಂತ ಹೆಸರಿಟ್ವಿ. ಅಂಗಡಿಯವರು "ಮನೇಲಿ ಆಮೆ ಇದ್ರೆ ಒಳ್ಳೇದು, ಇದಕ್ಕಿಂತ ದೊಡ್ಡದಾಗಲ್ಲ, ದಿನಾ ನಾಲ್ಕು ಒಣ ಸೀಗಡಿ ಹಾಕಿದ್ರೆ ಸಾಕು" ಅಂದಿದ್ರಂತೆ. ಹೇಳಿದ ಮೂರೂ ತಪ್ಪು.

ಇದು ಕೆಂಪು ಕಿವಿಯ ಸ್ಲೈಡರ್. ಮೂಲ ಊರು ಅಮೆರಿಕದ ಮಿಸ್ಸಿಸ್ಸಿಪ್ಪಿ ನದಿಯ ಸುತ್ತಮುತ್ತ. ಬೆಳೆದ್ರೆ ಚಿಪ್ಪೇ 25 ಸೆಂಟಿಮೀಟರ್ ದಾಟಬಹುದು. ಚೆನ್ನಾಗಿ ನೋಡ್ಕೊಂಡ್ರೆ 20, 30 ವರ್ಷ ಬದುಕುತ್ತೆ. ಅಂದ್ರೆ ತಮ್ಮ ತಂದಿದ್ದು ಆಟದ ಸಾಮಾನಲ್ಲ, ಅವನ ಮದುವೆ, ಮಕ್ಕಳು ಎಲ್ಲ ಆಗೋವರೆಗೂ ಜೊತೆಗಿರೋ ಜೀವ.

ನಾವು ಸೀಗಡಿ ಹಾಕಿದ್ವಿ. ಪ್ಲಾಸ್ಟಿಕ್ ಟಬ್‌ನಲ್ಲಿ ಬೋರ್‌ವೆಲ್ ನೀರು, ಹತ್ತಿ ಕೂರೋಕೆ ಒಂದು ಇಟ್ಟಿಗೆ. ಟಬ್ಬು ಹಾಲ್‌ನ ಕಿಟಕಿ ಪಕ್ಕ. ಬಿಸಿಲು ಬೀಳ್ತಿದೆಯಲ್ಲ, ಸಾಕು ಅಂದ್ಕೊಂಡಿದ್ವಿ.

ನಿದ್ದೆ ಅನ್ನೋ ತಪ್ಪು

ಎರಡನೇ ಚಳಿಗಾಲ. ಡಿಸೆಂಬರ್ ಮೊದಲ ವಾರದಲ್ಲಿ ಎರಡೂ ತಿನ್ನೋದು ಕಮ್ಮಿ ಮಾಡಿದ್ವು. ಆಮೇಲೆ ಪೂರ್ತಿ ನಿಲ್ಲಿಸಿದ್ವು. ದಿನವಿಡೀ ಕಣ್ಣು ಮುಚ್ಕೊಂಡೇ ಇರ್ತಿದ್ವು. ನಾನು ಫೋನ್‌ನಲ್ಲಿ ಹುಡುಕಿದೆ. ಅಮೆರಿಕದವರೊಬ್ಬರ ವಿಡಿಯೋ ಸಿಕ್ತು: ಚಳಿಗಾಲದಲ್ಲಿ ಆಮೆ ತಿನ್ನಲ್ಲ, ಅಲುಗಾಡಲ್ಲ, ಅದರ ಪಾಡಿಗೆ ಬಿಡಿ ಅಂತ. ನಾನೂ ಬಿಟ್ಟೆ. ಸಾಲದ್ದಕ್ಕೆ ಪಾಡ್‌ಕಾಸ್ಟ್‌ನಲ್ಲೂ ಹೇಳಿದೆ.

ಆ ವಿಡಿಯೋ ಸುಳ್ಳಲ್ಲ. ಆದ್ರೆ ಅದು ಬಾಕ್ಸ್ ಟರ್ಟಲ್ ಬಗ್ಗೆ. ಅದು ಬೇರೆಯದೇ ಜಾತಿ, ಹೆಚ್ಚಾಗಿ ನೆಲದ ಮೇಲೆ, ಕಾಡಿನ ತರಗೆಲೆ ಮಧ್ಯೆ ಬದುಕೋದು. ಅದರ ಹೊಟ್ಟೆ ಕಡೆಯ ಚಿಪ್ಪಿನಲ್ಲಿ ಬಾಗಿಲ ಕೀಲಿನ ಹಾಗೆ ಒಂದು ಮಡಿಕೆ ಇರುತ್ತೆ. ಹೆದರಿದಾಗ ತಲೆ, ಕಾಲು ಎಲ್ಲ ಒಳಗೆ ಎಳ್ಕೊಂಡು ಡಬ್ಬಿ ಹಾಗೆ ಮುಚ್ಕೊಳ್ಳುತ್ತೆ. ಆ ಹೆಸರು ಬಂದಿದ್ದೇ ಹಾಗೆ. ಹಿಮ ಬೀಳೋ ಊರುಗಳಲ್ಲಿ ಅದು ಮಣ್ಣಿನೊಳಗೆ ಹೂತ್ಕೊಂಡು ತಿಂಗಳುಗಟ್ಟಲೆ ಮಲಗುತ್ತೆ.

ಸ್ಲೈಡರ್ ಕೂಡ ತನ್ನ ತವರಲ್ಲಿ ಚಳಿಗಾಲ ಕಳೆಯುತ್ತಲ್ಲ ಅಂತ ಕೇಳಬಹುದು. ಹೌದು. ಅಲ್ಲಿ ನೀರು 10 ಡಿಗ್ರಿಗಿಂತ ಕೆಳಗೆ ಇಳಿದಾಗ ಅದರ ಮೈಯೊಳಗಿನ ಕೆಲಸ ಎಲ್ಲವೂ ಬಹಳ ನಿಧಾನ ಆಗುತ್ತೆ. ಅದಕ್ಕೂ ಮೊದಲು ಊಟ ನಿಲ್ಲಿಸಿ ಹೊಟ್ಟೆ ಖಾಲಿ ಮಾಡ್ಕೊಂಡಿರುತ್ತೆ. ನಮ್ಮ ಕಡೆ ಡಿಸೆಂಬರ್, ಜನವರಿ ರಾತ್ರಿ ಸುಮಾರು 15 ಡಿಗ್ರಿ, ಮಧ್ಯಾಹ್ನ ಮತ್ತೆ ಬಿಸಿಲು. ಪೂರ್ತಿ ನಿದ್ದೆ ಮಾಡೋಷ್ಟು ಚಳಿಯೂ ಇಲ್ಲ, ತಿಂದಿದ್ದು ಅರಗಿಸ್ಕೊಂಡು ಸೋಂಕಿನ ಜೊತೆ ಹೋರಾಡೋಷ್ಟು ಶಾಖವೂ ಇಲ್ಲ. ಆಮೆಗೆ ಇದೇ ಅಪಾಯದ ಜಾಗ. ನಮ್ಮ ಮೈ ತನ್ನ ಶಾಖ ತಾನೇ ಮಾಡ್ಕೊಳ್ಳುತ್ತೆ, ಆಮೆ ಮೈಗೆ ಅದು ಆಗಲ್ಲ. ನೀರು ತಣ್ಣಗಾದ್ರೆ ಅದರ ರೋಗನಿರೋಧಕ ಶಕ್ತಿಯೂ ತಣ್ಣಗಾಗುತ್ತೆ. ಇನ್ನೊಂದು ಮಾತು: ಕಾಯಿಲೆ ಇರೋ ಆಮೆಯನ್ನ ಯಾವ ಜಾತಿಯದ್ದಾದ್ರೂ ಚಳಿಗಾಲದ ನಿದ್ದೆಗೆ ಬಿಡಬಾರದು.

ನಮ್ಮ ಅಜ್ಜಿ ವಿಡಿಯೋ ನೋಡಿಲ್ಲ. ಸಂಕ್ರಾಂತಿಗೆ ಎರಡು ದಿನ ಇದೆ ಅನ್ನೋವಾಗ ಟಬ್ ಪಕ್ಕ ನಿಂತು ಕೇಳಿದ್ರು: "ಮಗಾ, ನಿದ್ದೆ ಮಾಡೋ ಜೀವ ಹಿಂಗ್ ವಾಲ್ಕೊಂಡು ತೇಲ್ತೈತಾ? ನಮ್ ಕುಂಟೆ ಆಮೆ ಬ್ಯಾಸಿಗೇಲಿ ನೀರು ಬತ್ತಿದ್ರೆ ಕೆಸ್ರೊಳಗೆ ಹೂತ್ಕೊಳ್ಳೋದು. ಚಳೀಲಿ ಮಲ್ಗಿದ್ದು ನಾನ್ ಕಾಣೆ." ಅಜ್ಜಿ ಹೇಳಿದ್ದು ನಮ್ಮ ಕೆರೆ ಕುಂಟೆಗಳಲ್ಲಿರೋ ಮೆದುಚಿಪ್ಪಿನ ಆಮೆ ಬಗ್ಗೆ. ನೀರು ಒಣಗಿದಾಗ ಅದು ನಿಜಕ್ಕೂ ಕೆಸರಿನೊಳಗೆ ಸೇರ್ಕೊಂಡು ಮಳೆಗೆ ಕಾಯುತ್ತೆ. ನಾನು "ಇದು ಫಾರಿನ್ ಆಮೆ ಅಜ್ಜಿ, ನಿಂಗೊತ್ತಾಗಲ್ಲ" ಅಂದೆ. ಸಂಕ್ರಾಂತಿ ಬೆಳಗ್ಗೆ ನೋಡಿದ್ರೆ ಅವರೆ ಸತ್ತಿತ್ತು.

ವಾಲಿದ್ದು ಯಾಕೆ?

ಅವತ್ತೇ ತೊಗರಿಯನ್ನ ಡಾಕ್ಟರ್ ಹತ್ರ ತಗೊಂಡೋಗೋಣ ಅಂತ ಹೊರಟ್ವಿ. ಮೊದಲು ಹೋದ ಕ್ಲಿನಿಕ್‌ನಲ್ಲಿ "ನಾವು ನಾಯಿ, ಬೆಕ್ಕು ನೋಡೋದು, ಆಮೆ ನೋಡಲ್ಲ" ಅಂದ್ರು. ಬೇಜಾರಾಯ್ತು, ಆದ್ರೆ ಅದು ಪ್ರಾಮಾಣಿಕ ಮಾತು. ಗೊತ್ತಿಲ್ಲದೆ ಏನೋ ಒಂದು ಇಂಜೆಕ್ಷನ್ ಕೊಡೋದಕ್ಕಿಂತ ಅದು ಸಾವಿರ ಪಾಲು ಮೇಲು. ಮಾರನೇ ದಿನ ಬೆಂಗಳೂರಲ್ಲಿ ಸರೀಸೃಪ ನೋಡೋ ಡಾಕ್ಟರ್ ಸಿಕ್ಕಿದ್ರು.

ಅವರು ಮೊದಲು ಮಾಡಿದ್ದು ತೂಕ. ಆಮೇಲೆ ಎಕ್ಸ್‌ರೇ. ಮೇಲಿನಿಂದ ಒಂದು, ಮುಖದ ಎದುರಿನಿಂದ ಒಂದು. ಎದುರಿನಿಂದ ಯಾಕೆ ಅಂತ ಕೇಳಿದೆ. "ಆಮೆಯ ಎರಡೂ ಶ್ವಾಸಕೋಶ ಮೇಲಿನ ಚಿಪ್ಪಿಗೆ ಅಂಟ್ಕೊಂಡ ಹಾಗೆ ಅಕ್ಕಪಕ್ಕ ಇರ್ತವೆ. ಎದುರಿನಿಂದ ತೆಗೆದ್ರೆ ಎರಡನ್ನೂ ಹೋಲಿಸಿ ನೋಡಬಹುದು" ಅಂದ್ರು. ತೊಗರಿಯ ಎಡಗಡೆ ಶ್ವಾಸಕೋಶ ಮಸುಕಾಗಿತ್ತು. ನ್ಯುಮೋನಿಯಾ.

ನೀರಲ್ಲಿ ಆ ಎರಡು ಶ್ವಾಸಕೋಶಗಳು ಗಾಳಿ ತುಂಬಿದ ಎರಡು ಟ್ಯೂಬ್ ಇದ್ದ ಹಾಗೆ. ಒಂದರಲ್ಲಿ ಕಫ ತುಂಬಿದ್ರೆ ಆ ಕಡೆ ಭಾರ ಆಗಿ ಆಮೆ ವಾಲುತ್ತೆ. ಅಜ್ಜಿ ಕಣ್ಣಿಗೆ ಬಿದ್ದಿದ್ದು ಇದೇ. ಆಮೆಗೆ ನಮ್ಮ ಹಾಗೆ ಜೋರಾಗಿ ಕೆಮ್ಮಿ ಕಫ ಹೊರಗೆ ಹಾಕೋಕೂ ಆಗಲ್ಲ. ಅದಕ್ಕೇ ಅದರ ನೆಗಡಿಯನ್ನ ನೆಗಡಿ ಅಂತ ಹಗುರ ಮಾಡೋ ಹಾಗಿಲ್ಲ.

ಇನ್ನು ಕಣ್ಣು. ಮುಚ್ಕೊಂಡಿದ್ದು ನಿದ್ದೆಗಲ್ಲ, ರೆಪ್ಪೆ ಊದ್ಕೊಂಡು ತೆರೆಯೋಕೆ ಆಗ್ತಿರಲಿಲ್ಲ. ಬರೀ ಒಣ ಸೀಗಡಿ ತಿಂದು ವಿಟಮಿನ್ ಎ ಕೊರತೆ ಆಗಿತ್ತು. ಈ ವಿಟಮಿನ್ ಇಲ್ಲದಿದ್ರೆ ಕಣ್ಣು, ಮೂಗು, ಶ್ವಾಸನಾಳದ ಒಳಪದರ ದಪ್ಪಗಾಗಿ ಒರಟಾಗುತ್ತೆ, ಅಲ್ಲಿ ಸೋಂಕು ಸುಲಭವಾಗಿ ಕೂರುತ್ತೆ. ಸೀಗಡಿ ಬಾಗಿಲು ತೆರೆದಿಟ್ಟಿತ್ತು, ಚಳಿ ಸೋಂಕನ್ನ ಒಳಗೆ ಕಳಿಸಿತ್ತು.

ಮೂರನೇದು ಬೆಳಕು. ಕಿಟಕಿ ಗಾಜು ಬಿಸಿಲಿನಲ್ಲಿರೋ ಯುವಿ-ಬಿ ಕಿರಣವನ್ನ ತಡೆಯುತ್ತೆ. ಆ ಕಿರಣ ಇಲ್ಲದೆ ಆಮೆ ಮೈಗೆ ವಿಟಮಿನ್ ಡಿ ಸಿಗಲ್ಲ, ಡಿ ಇಲ್ಲದೆ ಕ್ಯಾಲ್ಸಿಯಂ ಮೂಳೆಗೂ ಚಿಪ್ಪಿಗೂ ಸೇರಲ್ಲ. ತೊಗರಿಯ ಚಿಪ್ಪಿನ ಅಂಚು ಒತ್ತಿದ್ರೆ ಸ್ವಲ್ಪ ಬಾಗ್ತಿತ್ತು. ನಮಗದು ಕಂಡೇ ಇರಲಿಲ್ಲ.

ಡಾಕ್ಟರ್ ಒಂದು ಮಾತು ಹೇಳಿದ್ರು, ತಲೇಲಿ ಉಳ್ಕೊಂಡಿದೆ: "ಔಷಧಿ ನಾನು ಕೊಡ್ತೀನಿ. ಆದ್ರೆ ಕಾಯಿಲೆ ಇರೋದು ನಿಮ್ಮ ಟಬ್‌ನಲ್ಲಿ. ಅದನ್ನ ವಾಸಿ ಮಾಡದೆ ಇದು ವಾಸಿ ಆಗಲ್ಲ."

ಮನೇಲಿ ಮಾಡಿದ್ದು

ಮೊದಲನೇದು ಶಾಖ. ನೀರಿಗೆ ಹೀಟರ್, ಪಕ್ಕದಲ್ಲಿ ಥರ್ಮಾಮೀಟರ್. ಆರೋಗ್ಯವಾಗಿರೋ ಸ್ಲೈಡರ್‌ಗೆ ನೀರು 25ರಿಂದ 28 ಡಿಗ್ರಿ, ಹತ್ತಿ ಕೂರೋ ಜಾಗ 30ರಿಂದ 35 ಡಿಗ್ರಿ ಇರಬೇಕು. ತೊಗರಿಗೆ ನೀರನ್ನ 28ರ ಆಸುಪಾಸಲ್ಲಿ ಹಗಲೂ ರಾತ್ರಿ ಒಂದೇ ಸಮ ಇಡೋಕೆ ಹೇಳಿದ್ರು. ಒಂದೇ ಸಲ ಏರಿಸಬಾರದು, ಸ್ವಲ್ಪ ಸ್ವಲ್ಪವೇ ಏರಿಸಬೇಕು. ಕರೆಂಟ್ ಹೋದ ರಾತ್ರಿಗಳಲ್ಲಿ ಅಮ್ಮ ಒಲೆ ಮೇಲೆ ನೀರು ಬೆಚ್ಚಗೆ ಮಾಡಿ ಬೆರೆಸ್ತಿದ್ರು. ಒಂದು ಎಚ್ಚರಿಕೆ: ಟಬ್‌ಗೆ ಕೈ ಹಾಕೋ ಮುಂಚೆ ಹೀಟರ್ ಪ್ಲಗ್ ಕೀಳಿ.

ಎರಡನೇದು ನೀರಿನ ಆಳ. ಸುಸ್ತಾದ ಆಮೆ ನೀರಲ್ಲಿ ಮುಳುಗಿ ಸಾಯಬಹುದು. ಆಮೆ ತಾನೇ, ಈಜುತ್ತೆ ಅನ್ನೋ ಧೈರ್ಯ ಬೇಡ. ಚಿಪ್ಪಿನ ಅರ್ಧದವರೆಗೆ ಮಾತ್ರ ನೀರಿಟ್ವಿ. ಕಾಲು ಊರಿ ನಿಂತ್ರೆ ಮೂಗು ಸುಲಭವಾಗಿ ಮೇಲೆ ಇರಬೇಕು. ನೀರು ದಿನಾ ಬದಲಾಯಿಸಿದ್ವಿ.

ಮೂರನೇದು ಇಂಜೆಕ್ಷನ್. ಮೂರು ದಿನಕ್ಕೊಂದು ಆಂಟಿಬಯೋಟಿಕ್, ಮುಂದಿನ ಕಾಲಿಗೆ. ಹಿಂದಿನ ಕಾಲಿಗೆ ಯಾಕೆ ಬೇಡ ಅಂದ್ರೆ, ಆಮೆಯಲ್ಲಿ ಹಿಂಭಾಗದ ರಕ್ತ ಮೈಯೆಲ್ಲ ಸುತ್ತೋ ಮುಂಚೆ ಮೂತ್ರಪಿಂಡದ ಕಡೆ ಹೋಗಬಹುದು. ಔಷಧಿ ಅಲ್ಲೇ ಸೋರಿ ಹೋಗಬಹುದು, ಮೂತ್ರಪಿಂಡಕ್ಕೂ ತೊಂದರೆ. ಡೋಸ್ ತೂಕದ ಲೆಕ್ಕ, ಆದ್ದರಿಂದ ಅಡುಗೆಮನೆಯ ತೂಕದ ಮಿಷನ್ ತೊಗರಿಗೇ ಮೀಸಲಾಯ್ತು. ಪ್ರತಿ ಭಾನುವಾರ ತೂಕ ಬರೆದಿಟ್ವಿ. ಔಷಧಿಯ ಹೆಸರು ಬೇಕಂತಲೇ ಹೇಳ್ತಿಲ್ಲ, ನಿಮ್ಮ ಆಮೆಗೆ ನಿಮ್ಮ ಡಾಕ್ಟರೇ ಹೇಳಬೇಕು.

ಆದ್ರೆ ಯಾವುದನ್ನ ಕೊಡಲೇಬಾರದು ಅನ್ನೋದನ್ನ ಹೆಸರಿಟ್ಟೇ ಹೇಳ್ತೀನಿ. ಐವರ್ಮೆಕ್ಟಿನ್. ನಮ್ಮ ಕಡೆ ದನ, ಕುರಿ, ನಾಯಿಗೆ ಹುಳ, ಉಣ್ಣೆಗೆ ಅಂತ ಹಾಕೋ ಔಷಧಿ, ಎಷ್ಟೋ ಮನೇಲಿ ಇರುತ್ತೆ. ಆಮೆಗೆ ಅದು ವಿಷ, ಸ್ವಲ್ಪ ಕೊಟ್ರೂ ಸಾಯಬಹುದು. ಮೆಡಿಕಲ್ ಶಾಪ್‌ನಿಂದ ವಿಟಮಿನ್ ಎ ಕ್ಯಾಪ್ಸೂಲ್ ತಂದು ಒಡೆದು ಹಾಕೋದೂ ಬೇಡ. ಆ ವಿಟಮಿನ್ ಹೆಚ್ಚಾದ್ರೆ ಆಮೆಯ ಚರ್ಮ ಸುಲಿಯುತ್ತೆ.

ನಾಲ್ಕನೇದು ಊಟ. ಮೈ ತಣ್ಣಗಿರುವಾಗ ಬಾಯಿಗೆ ತುರುಕಬೇಡಿ, ಅರಗದೆ ಹೊಟ್ಟೆಯಲ್ಲೇ ಕೊಳೆಯುತ್ತೆ. ಮೊದಲು ಶಾಖ, ಆಮೇಲೆ ಊಟ. ತೊಗರಿ ಹನ್ನೊಂದನೇ ದಿನ ಬಾಯಿ ತೆರೀತು, ಅದೂ ಎರೆಹುಳಕ್ಕೆ. ಅಜ್ಜಿ ಹಿತ್ತಿಲಲ್ಲಿ ಅಗೆದು ತಂದಿದ್ದು. ಈಗ ಆಮೆಗೆ ಅಂತಲೇ ಬರೋ ಕಾಳಿನ ಆಹಾರ, ಕ್ಯಾರೆಟ್ ತುರಿ, ಸಿಹಿಗುಂಬಳ, ಆಗಾಗ ನುಗ್ಗೆ ಸೊಪ್ಪು ಕೊಡ್ತೀವಿ. ಒಣ ಸೀಗಡಿ ಅಂದ್ರೆ ನಮಗೆ ಕುರುಕಲು ಇದ್ದ ಹಾಗೆ, ಯಾವಾಗಾದ್ರೂ ಒಂದು. ಅನ್ನ, ಬ್ರೆಡ್, ಹಾಲು ಬೇಡವೇ ಬೇಡ.

ಐದನೇದು ಬೆಳಕು. ಯುವಿ-ಬಿ ದೀಪ ದಿನಕ್ಕೆ ಸುಮಾರು 12 ಗಂಟೆ. ಈ ದೀಪ ಉರೀತಾ ಇದ್ರೂ ತಿಂಗಳುಗಳು ಕಳೆದ ಹಾಗೆ ಯುವಿ-ಬಿ ಕಮ್ಮಿ ಆಗುತ್ತೆ, ಆರು ತಿಂಗಳಿಂದ ಒಂದು ವರ್ಷದೊಳಗೆ ಬದಲಾಯಿಸಬೇಕು. ಗಾಜಿಲ್ಲದ ಬೆಳಗಿನ ಬಿಸಿಲೂ ಒಳ್ಳೇದು, ಆದ್ರೆ ಟಬ್‌ನ ಅರ್ಧ ನೆರಳಲ್ಲಿರಲಿ, ಪಕ್ಕದಲ್ಲಿ ಒಬ್ಬರು ಇರಲಿ. ಕಾಗೆಗೆ ಪುಟ್ಟ ಆಮೆ ಅಂದ್ರೆ ತಿಂಡಿ.

ಈಗ ಬಿ.ಕಾಂ. ಲೆಕ್ಕ. ಆಮೆಗಳಿಗೆ ಕೊಟ್ಟಿದ್ದು 700. ಹೀಟರ್, ದೀಪ, ಎಕ್ಸ್‌ರೇ, ಫೀಸು, ಇಂಜೆಕ್ಷನ್, ಓಡಾಟ ಸೇರಿ ಆಗಿದ್ದು 11 ಸಾವಿರಕ್ಕೂ ಮೇಲೆ. ಇದರಲ್ಲಿ ಹೀಟರ್, ದೀಪದ ದುಡ್ಡು ಮೊದಲ ದಿನವೇ ಹಾಕಿದ್ರೆ ಮಿಕ್ಕಿದ್ದು ಬೇಕಾಗ್ತಿರಲಿಲ್ಲ. ಅವರೆನೂ ಇರ್ತಿತ್ತು.

ಯಾವಾಗ ಓಡಬೇಕು, ಎಲ್ಲಿಗೆ?

ಇದನ್ನ ಸ್ಕ್ರೀನ್‌ಶಾಟ್ ತಗೊಂಡು ಇಟ್ಕೊಳ್ಳಿ. ಬಾಯಿ ತೆರೆದು ಉಸಿರಾಡ್ತಿದ್ರೆ, ಮೂಗಲ್ಲಿ ಗುಳ್ಳೆ ಬರ್ತಿದ್ರೆ, ನೀರಲ್ಲಿ ಒಂದು ಕಡೆಗೆ ವಾಲ್ತಿದ್ರೆ ಅದೇ ದಿನ ಡಾಕ್ಟರ್. ಕಣ್ಣು ಊದಿ ಮುಚ್ಚಿದ್ರೆ, ಚಿಪ್ಪು ಮೆದುವಾಗಿದ್ರೆ, ಚಿಪ್ಪಿನಿಂದ ಕೆಟ್ಟ ವಾಸನೆ ಬಂದ್ರೆ, ನೀರು ಬೆಚ್ಚಗಿದ್ರೂ ಒಂದು ವಾರ ತಿನ್ನದಿದ್ರೆ ಇನ್ನು ಕಾಯಬೇಡಿ. ಆಮೆ ಕಾಯಿಲೆಯನ್ನ ಬಚ್ಚಿಡೋ ಪ್ರಾಣಿ. ನಮಗೆ ಕಾಣಿಸೋ ಹೊತ್ತಿಗೆ ಅದು ಶುರುವಾಗಿ ವಾರಗಳೇ ಆಗಿರುತ್ತೆ.

ಹೋಗೋ ಮುಂಚೆ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿ: ಆಮೆ ನೋಡ್ತೀರಾ? ಎಕ್ಸ್‌ರೇ ಇದೆಯಾ? ನಮ್ಮ ತಾಲ್ಲೂಕುಗಳ ಪಶು ಆಸ್ಪತ್ರೆಗಳ ಮುಖ್ಯ ಕೆಲಸ ದನ, ಎಮ್ಮೆ, ಕುರಿ. ಬೆಂಗಳೂರಲ್ಲಾದ್ರೆ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಅಪರೂಪದ ಸಾಕುಪ್ರಾಣಿ ನೋಡೋ ಖಾಸಗಿ ಡಾಕ್ಟರ್‌ಗಳೂ ಇದ್ದಾರೆ. ತಗೊಂಡೋಗುವಾಗ ಬಕೆಟ್ ನೀರಲ್ಲಿ ಬೇಡ. ರಟ್ಟಿನ ಡಬ್ಬಿಗೆ ಗಾಳಿ ತೂತು ಮಾಡಿ, ಒದ್ದೆ ಟವೆಲ್ ಹಾಸಿ, ಪಕ್ಕದಲ್ಲಿ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಇಡಿ. ಟಬ್‌ನ ಫೋಟೋ, ಕೊಡ್ತಿರೋ ಆಹಾರದ ಪ್ಯಾಕೆಟ್ ಫೋಟೋ ಫೋನ್‌ನಲ್ಲಿರಲಿ.

ನಿಮ್ಮ ಆರೋಗ್ಯದ್ದೂ ಒಂದು ಮಾತು. ಆಮೆ ಮೈಮೇಲೆ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು, ಆಮೆ ಆರೋಗ್ಯವಾಗೇ ಇದ್ರೂ. ಮಕ್ಕಳು ಬಾಯಿಗಿಟ್ಕೊಂಡು ಕಾಯಿಲೆ ಬೀಳ್ತಿದ್ದಾರೆ ಅಂತ ಅಮೆರಿಕದಲ್ಲಿ 1975ರಲ್ಲೇ ನಾಲ್ಕು ಇಂಚಿಗಿಂತ ಚಿಕ್ಕ ಆಮೆಗಳ ಮಾರಾಟ ನಿಷೇಧಿಸಿದ್ರು. ಆದ್ದರಿಂದ ಟಬ್ಬನ್ನ ಅಡುಗೆಮನೆ ಸಿಂಕ್‌ನಲ್ಲಿ ತೊಳೀಬೇಡಿ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳ್ಕೊಳ್ಳಿ. ಐದು ವರ್ಷದೊಳಗಿನ ಮಕ್ಕಳ ಕೈಗೆ ಕೊಡಬೇಡಿ. ಆ ತೂಕದ ಮಿಷನ್ ಕೂಡ ಮತ್ತೆ ಅಡುಗೆಮನೆಗೆ ಹೋಗಲಿಲ್ಲ.

ಕುಂಟೆಗೆ ಬಿಡೋಣವಾ?

ಅವರೆ ಸತ್ತ ದಿನ ತಮ್ಮ ಅಳ್ತಾ ಹೇಳಿದ, "ಇದನ್ನಾದ್ರೂ ಕೆರೆಗೆ ಬಿಟ್ಬಿಡೋಣ, ಬದುಕ್ಕೊಳ್ಳಲಿ." ನಮ್ಮೂರಿನ ಹೆಸರಲ್ಲೇ ಕುಂಟೆ ಇದೆ, ಬಿಡೋ ಮನಸ್ಸು ಬರೋದು ಸಹಜ. ಆದ್ರೆ ಬಿಡಬಾರದು. ಕಾಯಿಲೆ ಬಿದ್ದ ಆಮೆ ಅಲ್ಲಿ ನರಳಿ ಸಾಯುತ್ತೆ. ಚೆನ್ನಾಗಿರೋದಾದ್ರೆ ಬೇರೆ ತೊಂದರೆ: ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳು ಅಂತ ಐಯುಸಿಎನ್ ತಜ್ಞರ ತಂಡ ಮಾಡಿರೋ ಪಟ್ಟಿಯಲ್ಲಿ ಈ ಸ್ಲೈಡರ್ ಇದೆ. ಬಿಸಿಲಿಗೆ ಕೂರೋ ಜಾಗ, ಆಹಾರ ಎಲ್ಲದಕ್ಕೂ ಇದು ನಮ್ಮ ಆಮೆಗಳ ಜೊತೆ ಪೈಪೋಟಿ ಮಾಡುತ್ತೆ, ಮನೆಯ ಕಾಯಿಲೆಯನ್ನೂ ಹೊತ್ಕೊಂಡು ಹೋಗುತ್ತೆ. ಸಾಕೋಕೆ ಆಗದಿದ್ರೆ ಅನುಭವ ಇರೋ ಇನ್ನೊಬ್ಬರನ್ನ ಹುಡುಕಿ ಕೊಡಿ, ಅಥವಾ ಡಾಕ್ಟರನ್ನೇ ಕೇಳಿ.

ಇದರ ತಿರುವುಮುರುವೂ ಗೊತ್ತಿರಲಿ. ನಮ್ಮ ನಕ್ಷತ್ರ ಆಮೆ, ಕೆರೆಯ ಮೆದುಚಿಪ್ಪಿನ ಆಮೆ ಇವನ್ನ ಮನೇಲಿ ಇಟ್ಕೊಳ್ಳೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಅದೃಷ್ಟಕ್ಕೆ ಅಂತ ಯಾರಾದ್ರೂ ಮಾರೋಕೆ ಬಂದ್ರೆ ತಗೋಬೇಡಿ. ಕಳ್ಳಸಾಗಣೆ ಆಗಿ ಸಿಂಗಾಪುರ ಸೇರಿದ್ದ 51 ನಕ್ಷತ್ರ ಆಮೆಗಳನ್ನ 2018ರಲ್ಲಿ ವಿಮಾನದಲ್ಲಿ ವಾಪಸ್ ಬೆಂಗಳೂರಿಗೆ ತರಬೇಕಾಯ್ತು. ಗಾಯಗೊಂಡ ನಮ್ಮ ಆಮೆ ರಸ್ತೆಯಲ್ಲಿ ಸಿಕ್ರೆ ಅರಣ್ಯ ಇಲಾಖೆ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಇನ್ನು ಆ ವಿಡಿಯೋದ ಬಾಕ್ಸ್ ಟರ್ಟಲ್ ಅಂತರರಾಷ್ಟ್ರೀಯ ಸೈಟಿಸ್ ಪಟ್ಟಿಯಲ್ಲಿದೆ. ಕಾಯ್ದೆಗೆ 2022ರಲ್ಲಿ ಮಾಡಿದ ತಿದ್ದುಪಡಿ ಪ್ರಕಾರ ಅಂಥ ಪ್ರಾಣಿ ಸಾಕೋದಾದ್ರೆ ನೋಂದಣಿ ಮಾಡಿಸಲೇಬೇಕು.

ತೊಗರಿ ಈಗ ಹೇಗಿದೆ ಅಂತೀರಾ? ಏಳು ವಾರ ಹಿಡೀತು. ಈಗ ನೇರವಾಗಿ ಈಜುತ್ತೆ, ಅಜ್ಜಿ ಬಂದ್ರೆ ಟಬ್‌ನ ಆ ಮೂಲೆಗೆ ಓಡುತ್ತೆ. ಈ ಡಿಸೆಂಬರ್‌ಗೆ ಹೀಟರ್ ಮೊದಲೇ ರೆಡಿ ಇದೆ. ನನ್ನ ಹಳೇ ಮಾತು ಕೇಳಿ ಆಮೆಯನ್ನ ಮಲಗೋಕೆ ಬಿಟ್ಟಿರೋರು ಯಾರಾದ್ರೂ ಇದ್ರೆ, ಈ ಸಂಚಿಕೆ ಮುಗಿದ ತಕ್ಷಣ ಹೋಗಿ ನೀರಿಗೆ ಒಂದು ಥರ್ಮಾಮೀಟರ್ ಇಡಿ. ಆಮೆ ನೆಟ್ಟಗಿದೆಯಾ, ವಾಲಿದೆಯಾ ನೋಡಿ. ವಾಲಿದ್ರೆ ನನಗೆ ಮೆಸೇಜ್ ಮಾಡ್ತಾ ಕೂರಬೇಡಿ, ಡಾಕ್ಟರ್‌ಗೆ ಫೋನ್ ಮಾಡಿ.